ರೊಟ್ಟಿ ಕೊಟ್ಟು ಕೊಂಡ ಅಕ್ಷರ

ಮೇಷ್ಟರ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಿಗೆ ಒಂದು ಪ್ರಶ್ನೆ ಬಹಳ ಪರಿಚಿತವಾಗಿಬಿಟ್ಟಿರುತ್ತದೆ. ಪರೀಕ್ಷೆಗಳು ಹತ್ತಿರ ಬಂದಾಗ, ಇಲ್ಲವೆ ಭಾಷಣಸ್ಪರ್ಧೆಯ ಪ್ರಕಟಣೆ ಹಲಗೆಯ ಮೇಲೆ ಕಾಣಿಸಿಕೊಂಡಾಗ, ಹುಡುಗನೋ ಹುಡುಗಿಯೋ ಒಬ್ಬರು ಬಾಗಿಲ ಬಳಿ ಬಂದು ನಿಂತು, ಚೆನ್ನಾಗಿ ಬರೆಯುವುದನ್ನೂ ಚೆನ್ನಾಗಿ ಮಾತನಾಡುವುದನ್ನೂ ಕಲಿಯುವುದು ಹೇಗೆಂದು ಕೇಳುತ್ತಾರೆ. ಎಲ್ಲರೂ ಹೇಳುವ ಉತ್ತರವನ್ನೇ ನಾನೂ ಬಹುಕಾಲ ಹೇಳುತ್ತಿದ್ದೆ: ದಿನಕ್ಕೊಂದು ಪುಟ ಬರೆಯಿರಿ, ದೊಡ್ಡವರ ಬರಹಗಳನ್ನು ಓದಿರಿ, ಗೊತ್ತಿಲ್ಲದ ಪದವನ್ನು ನಿಘಂಟಿನಲ್ಲಿ ನೋಡಿರಿ. ಉತ್ತರವೇನೋ ತಪ್ಪಲ್ಲ. ಆದರೆ ಅದನ್ನು ಕೇಳಿಕೊಂಡು ಹೋದವರ ಮುಖದಲ್ಲಿ, ವೈದ್ಯರು ಬರೆದುಕೊಟ್ಟ ಪಥ್ಯದ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಳ್ಳುವ ರೋಗಿಯ ಭಾವವೇ ನನಗೆ ಕಾಣುತ್ತಿತ್ತು. ಚೀಟಿ ಜೇಬಿನಲ್ಲಿಯೇ ಉಳಿಯುತ್ತದೆ, ಪಥ್ಯ ನಡೆಯುವುದಿಲ್ಲ.

ಒಂದು ಸಂಜೆ ಹೀಗೆ ಕೇಳಲು ಬಂದವನೊಬ್ಬ ಉತ್ತರ ಕೇಳಿದ ಮೇಲೂ ಹೊರಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಪರೀಕ್ಷೆಯಲ್ಲಿ ತೇರ್ಗಡೆಯಾಗುವಷ್ಟು ತನಗೆ ಬರುತ್ತದೆ, ಅದಕ್ಕಿಂತ ಹೆಚ್ಚಿನದು ಏತಕ್ಕೆ ಬೇಕು ಎಂದು ವಿನಯದಿಂದಲೇ ಕೇಳಿದ. ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ. ಭಾಷೆಯೆಂಬುದು ಸಂಸ್ಕೃತಿಯ ವಾಹನ ಎಂಬಂಥ ಮಾತೊಂದನ್ನು ಹೇಳಿ ಕಳಿಸಿಕೊಟ್ಟೆ. ಆ ಮಾತು ನನಗೇ ರುಚಿಸಲಿಲ್ಲ. ಆ ರಾತ್ರಿ ಕಪಾಟಿನಿಂದ ಕೈಗೆ ಬಂದುದು, ವಿದ್ಯಾರ್ಥಿಯಾಗಿದ್ದಾಗ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ಒಂದು ಸಣ್ಣ ಆತ್ಮಕಥೆ. ಅದನ್ನು ಬರೆದವನು ಫ್ರೆಡರಿಕ್ ಡಗ್ಲಸ್. ಹುಟ್ಟಿನಿಂದ ಗುಲಾಮ, ಓದು ಬರಹ ಮಾತುಗಳನ್ನು ಕದ್ದು ಕಲಿತು, ಕಡೆಗೆ ಆ ಮೂರರಿಂದಲೇ ಮನುಷ್ಯನೆನಿಸಿಕೊಂಡವನು. ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಆ ಜೀವನದಲ್ಲಿತ್ತು. ಅದನ್ನು ವಾಚಕರ ಮುಂದೆ ಇಡಲು ಈ ಭಾನುವಾರ ಅವಕಾಶ ತೆಗೆದುಕೊಳ್ಳುತ್ತಿದ್ದೇನೆ.

ಡಗ್ಲಸ್ ಹುಟ್ಟಿದುದು ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಟಾಲ್ಬಟ್ ಜಿಲ್ಲೆಯಲ್ಲಿ. ಹುಟ್ಟಿದ ದಿನ ಯಾವುದೆಂದು ಅವನಿಗೆ ಯಾರೂ ಹೇಳಲಿಲ್ಲ. ಬಿಳಿಯ ಮಕ್ಕಳು ತಮ್ಮ ವಯಸ್ಸನ್ನು ಹೇಳಿಕೊಳ್ಳುತ್ತಿದ್ದರು. ತನ್ನದು ತನಗೇಕೆ ತಿಳಿಯದು ಎಂಬುದು ಆ ಮಗುವಿನ ಮೊದಲ ದುಃಖಗಳಲ್ಲಿ ಒಂದು. ಕುದುರೆಗಳಿಗೆ ತಮ್ಮ ವಯಸ್ಸು ಎಷ್ಟು ಗೊತ್ತೋ ಗುಲಾಮರಿಗೂ ಅಷ್ಟೇ ಗೊತ್ತಿರಲಿ ಎಂಬುದು ಒಡೆಯರ ಇಚ್ಛೆಯಾಗಿತ್ತೆಂದು ಆತ ಮುಂದೆ ಬರೆದುಕೊಂಡಿದ್ದಾನೆ. ಆಗ ಅವನ ಹೆಸರು ಫ್ರೆಡರಿಕ್ ಬೇಲಿ. ತಾಯಿ ಹ್ಯಾರಿಯೆಟ್ ಹನ್ನೆರಡು ಮೈಲಿ ದೂರದ ಹೊಲದಲ್ಲಿ ದುಡಿಯುತ್ತಿದ್ದಳು. ಹಗಲೆಲ್ಲ ಗೇಯ್ದು, ರಾತ್ರಿ ಆ ದಾರಿಯನ್ನು ನಡೆದು ಬಂದು, ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಅವನು ಏಳುವ ಮೊದಲೇ ಹೊರಟುಹೋಗುತ್ತಿದ್ದಳು. ಅಂಥ ಭೇಟಿಗಳು ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಅವನಿಗೆ ಸುಮಾರು ಏಳು ವರ್ಷವಾಗಿದ್ದಾಗ ಆಕೆ ತೀರಿಕೊಂಡಳು. ಆ ಸೀಮೆಯ ಗುಲಾಮರಲ್ಲೆಲ್ಲ ಓದಬಲ್ಲವಳು ತನ್ನ ತಾಯಿಯೊಬ್ಬಳೇ ಆಗಿದ್ದಳೆಂಬ ಸಂಗತಿ ಆಕೆ ಹೋದ ಮೇಲೆ ಅವನ ಕಿವಿಗೆ ಬಿತ್ತು. ಹೊಲದಾಳೊಬ್ಬಳಿಗೆ ಆ ಓದು ಎಲ್ಲಿಂದ ಬಂತೋ! ತನ್ನಲ್ಲಿ ಅಕ್ಷರದ ಹಸಿವೇನಾದರೂ ಇದ್ದರೆ ಅದು ತಾಯಿಯಿಂದ ಬಂದುದೆಂದು ಆತ ಕೊನೆಯವರೆಗೂ ಹೆಮ್ಮೆಪಟ್ಟುಕೊಂಡ.

ಅಜ್ಜಿ ಸಾಕಿದಳು. ಆರು ವರ್ಷವಾದಾಗ ಅಜ್ಜಿಯೇ ಅವನನ್ನು ದೊಡ್ಡ ತೋಟದ ಮನೆಗೆ ಕರೆದೊಯ್ದು, ಅವನು ಬೇರೆ ಮಕ್ಕಳ ಜೊತೆ ಇದ್ದಾಗ ಹೇಳದೆ ಹಿಂದಿರುಗಬೇಕಾಯಿತು. ಅಲ್ಲಿ ಅವನ ಉಡುಪು ಮೊಳಕಾಲು ಮುಟ್ಟುವ ಒಂದು ಒರಟು ಅಂಗಿ. ಊಟ ಎಲ್ಲ ಮಕ್ಕಳಿಗೂ ಒಂದೇ ತೊಟ್ಟಿಯಲ್ಲಿ ಸುರಿದ ಜೋಳದ ಹಿಟ್ಟಿನ ಗಂಜಿ. ಚಳಿಗೆ ಹೊದಿಕೆ ಒಂದು ಗೋಣಿಚೀಲ. 1826ರಲ್ಲಿ, ಎಂಟು ವರ್ಷದವನಾಗಿದ್ದಾಗ, ಅವನನ್ನು ಬಾಲ್ಟಿಮೋರ್ ಪಟ್ಟಣಕ್ಕೆ ಕಳುಹಿಸಿದರು. ಹ್ಯೂ ಆಲ್ಡ್ ಎಂಬವನ ಮನೆಯಲ್ಲಿ ಟಾಮಿ ಎಂಬ ಪುಟ್ಟ ಮಗುವನ್ನು ನೋಡಿಕೊಳ್ಳುವ ಕೆಲಸ.

ಆ ಮನೆಯಾಕೆ ಸೋಫಿಯಾ ಹಿಂದೆಂದೂ ಗುಲಾಮರನ್ನು ಇಟ್ಟುಕೊಂಡವಳಲ್ಲ. ಆಕೆ ಬೈಬಲನ್ನು ಗಟ್ಟಿಯಾಗಿ ಓದುತ್ತಿದ್ದುದನ್ನು ಕೇಳಿ ಕೇಳಿ ಹುಡುಗನಿಗೆ ಆಸೆ ಹುಟ್ಟಿತು. ತನಗೂ ಕಲಿಸಬೇಕೆಂದು ಕೇಳಿದ. ಆಕೆ ಸಂತೋಷದಿಂದಲೇ ಒಪ್ಪಿ, ಅಕ್ಷರಮಾಲೆಯನ್ನು ಹೇಳಿಕೊಟ್ಟು, ಮೂರು ನಾಲ್ಕು ಅಕ್ಷರಗಳ ಪದಗಳನ್ನು ಕೂಡಿಸಿ ಓದುವವರೆಗೆ ತಂದಳು. ತನ್ನ ಶಿಷ್ಯನ ಜಾಣತನವನ್ನು ಗಂಡನ ಮುಂದೆ ಹೊಗಳಿದಳು. ಅಲ್ಲಿಗೆ ಪಾಠ ನಿಂತಿತು. ಗುಲಾಮನಿಗೆ ಓದು ಕಲಿಸಿದರೆ ಅವನು ಕೆಟ್ಟುಹೋಗುತ್ತಾನೆ, ಯಾವ ಕೆಲಸಕ್ಕೂ ಬಾರದವನಾಗುತ್ತಾನೆ, ಓಡಿಹೋಗಲು ದಾರಿ ಹುಡುಕುತ್ತಾನೆ, ಯಜಮಾನನ ಮಾತಿನಂತೆ ನಡೆಯುವುದಕ್ಕಿಂತ ಹೆಚ್ಚಿನದೇನೂ ಅವನಿಗೆ ತಿಳಿದಿರಬಾರದು ಎಂದು ಹ್ಯೂ ಆಲ್ಡ್ ಹುಡುಗನ ಎದುರಿಗೇ ಹೆಂಡತಿಗೆ ಬುದ್ಧಿ ಹೇಳಿದ. ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದನ್ನು ಕಾನೂನೇ ನಿಷೇಧಿಸಿತ್ತು. ಮೇರಿಲೆಂಡಿನಲ್ಲಿ ಅಂಥ ಕಾನೂನು ಇರಲಿಲ್ಲವಾದರೂ ರೂಢಿ ಕಾನೂನಿಗಿಂತ ಬಿಗಿಯಾಗಿತ್ತು.

ಒಡೆಯನು ಹೆಂಡತಿಗೆ ಹೇಳಿದ ಮಾತನ್ನು ಹುಡುಗನು ತನಗೆ ಹೇಳಿದ ಪಾಠವೆಂದು ತೆಗೆದುಕೊಂಡ. ಇಷ್ಟು ಜನ ಇಷ್ಟು ಕೆಲವರ ಕೈಕೆಳಗೆ ಹೇಗೆ ಅಡಗಿದ್ದಾರೆ ಎಂಬುದು ಅವನನ್ನು ಕಾಡುತ್ತಿದ್ದ ಒಗಟು, ಈಗ ಬಿಡಿಸಿಹೋಯಿತು. ಇವರು ಇಷ್ಟು ಭಯಪಡುವ ವಸ್ತು ಯಾವುದೋ ಅದೇ ತನಗೆ ಬೇಕಾದುದು ಎಂದು ಅವನು ಆ ದಿನ ನಿಶ್ಚಯಿಸಿದ. ತನ್ನ ಓದಿಗೆ ಒಡತಿಯ ಕರುಣೆ ಎಷ್ಟು ಕಾರಣವೋ ಒಡೆಯನ ವಿರೋಧವೂ ಅಷ್ಟೇ ಕಾರಣವೆಂದು ಆತ ಮುಂದೆ ಲೆಕ್ಕ ಹಾಕಿದ್ದಾನೆ. ಸೋಫಿಯಾಳ ಕರುಣೆಯಾದರೋ ಬಹುಕಾಲ ಉಳಿಯಲಿಲ್ಲ. ಹುಡುಗನ ಕೈಯಲ್ಲಿ ಪತ್ರಿಕೆಯೊಂದು ಕಂಡರೆ ಓಡಿಬಂದು ಕಿತ್ತುಕೊಳ್ಳುವವಳಾದಳು. ಇನ್ನೊಬ್ಬರನ್ನು ಒಡೆತನದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಆಕೆಯನ್ನೂ ಹಾಳುಮಾಡಿತು ಎಂಬುದು ಡಗ್ಲಸನ ತೀರ್ಪು. ಆ ತೀರ್ಪಿನಲ್ಲಿ ಕೋಪಕ್ಕಿಂತ ಮರುಕವೇ ಹೆಚ್ಚು.

ಗುರು ಇಲ್ಲ, ಶಾಲೆಯಿಲ್ಲ, ಪುಸ್ತಕವಿಲ್ಲ. ಇಂಥವನು ಕಲಿತದ್ದು ಹೇಗೆ? ಬೀದಿಯಲ್ಲಿ ಆಡುವ ಬಡ ಬಿಳಿಯ ಹುಡುಗರನ್ನು ಅವನು ತನ್ನ ಉಪಾಧ್ಯಾಯರನ್ನಾಗಿ ಮಾಡಿಕೊಂಡ. ಮನೆಯಿಂದ ಯಾವುದಾದರೂ ಕೆಲಸಕ್ಕೆ ಕಳುಹಿಸಿದಾಗ, ಅದನ್ನು ಬೇಗ ಮುಗಿಸಿ, ಉಳಿಸಿದ ಹೊತ್ತಿನಲ್ಲಿ ಒಂದು ಪಾಠ ಹೇಳಿಸಿಕೊಳ್ಳುತ್ತಿದ್ದ. ಅವನಿದ್ದ ಮನೆಯಲ್ಲಿ ರೊಟ್ಟಿಗೆ ಕೊರತೆಯಿರಲಿಲ್ಲ. ಆ ಹುಡುಗರ ಮನೆಗಳಲ್ಲಿ ಇತ್ತು. ಜೇಬಿನಲ್ಲಿ ರೊಟ್ಟಿಯ ತುಂಡುಗಳನ್ನು ಇಟ್ಟುಕೊಂಡು ಹೋಗಿ, ಅದನ್ನು ಕೊಟ್ಟು, ಬದಲಿಗೆ ಪದಗಳ ಕಾಗುಣಿತವನ್ನು ತರುತ್ತಿದ್ದ. ಗುರುದಕ್ಷಿಣೆಯ ಕಥೆಗಳನ್ನು ನಮ್ಮಲ್ಲಿ ಎಷ್ಟೋ ಕೇಳಿದ್ದೇವೆ. ಹಸಿದ ಗುರುವಿಗೆ ರೊಟ್ಟಿಯ ಚೂರನ್ನಿತ್ತ ಈ ಶಿಷ್ಯನ ಕಥೆಯನ್ನೂ ಅವುಗಳ ಪಕ್ಕದಲ್ಲಿ ಇಡಬಹುದು. ಆ ಹುಡುಗರ ಹೆಸರುಗಳನ್ನು ಆತ ತನ್ನ ಮೊದಲ ಪುಸ್ತಕದಲ್ಲಿ ಹೇಳಲಿಲ್ಲ. ಕಪ್ಪು ಹುಡುಗನಿಗೆ ಓದು ಕಲಿಸಿದರೆಂದು ಅವರಿಗೆ ಊರಿನಲ್ಲಿ ತೊಂದರೆಯಾದೀತೆಂಬ ಸಂಕೋಚ.

ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಬೂಟುಗಳಿಗೆ ಮೆರುಗು ಹಾಕಿ ಕೂಡಿಟ್ಟ ಕಾಸಿನಿಂದ, 50 ಸೆಂಟು ಕೊಟ್ಟು ಅವನು ಒಂದು ಪುಸ್ತಕ ಕೊಂಡ. ಅದು ಕೇಲಬ್ ಬಿಂಗಮ್ ಎಂಬ ಉಪಾಧ್ಯಾಯನು 1797ರಲ್ಲಿ ಪ್ರಕಟಿಸಿದ ಕೊಲಂಬಿಯನ್ ಆರೇಟರ್ ಎಂಬ ಸಂಗ್ರಹ. ಭಾಷಣ ಮಾಡುವ ಕ್ರಮ, ಧ್ವನಿಯ ಏರಿಳಿತ, ಕೈಯ ಅಭಿನಯ ಮುಂತಾದವುಗಳ ವಿಚಾರ ಮೊದಲಿಗೆ. ಆಮೇಲೆ ಹೆಸರಾಂತ ಭಾಷಣಗಳೂ ಸಂವಾದಗಳೂ. ಬಿಳಿಯ ಹುಡುಗರು ಶಾಲೆಯಲ್ಲಿ ಒಪ್ಪಿಸಲು ಬಾಯಿಪಾಠ ಮಾಡುತ್ತಿದ್ದ ಪುಸ್ತಕ ಅದು. ಅದರಲ್ಲಿ ಒಬ್ಬ ಒಡೆಯನಿಗೂ ಓಡಿಹೋಗಿ ಸಿಕ್ಕಿಬಿದ್ದ ಅವನ ಗುಲಾಮನಿಗೂ ನಡೆಯುವ ಸಂವಾದವೊಂದಿದೆ. ಒಡೆಯನು ಒಂದೊಂದಾಗಿ ಮುಂದಿಡುವ ವಾದವನ್ನು ಗುಲಾಮನು ಸಮಾಧಾನದಿಂದ ಕತ್ತರಿಸುತ್ತ ಹೋಗುತ್ತಾನೆ. ಕೊನೆಗೆ ಒಡೆಯನು ಅವನನ್ನು ಬಿಡುಗಡೆ ಮಾಡುತ್ತಾನೆ. ಹುಡುಗನು ಅದನ್ನು ಮತ್ತೆ ಮತ್ತೆ ಓದಿದ. ತನ್ನ ಮನಸ್ಸಿನಲ್ಲಿ ಎಷ್ಟೋ ಸಲ ಮಿಂಚಿ, ಮಾತು ಸಿಕ್ಕದೆ ಸತ್ತುಹೋಗಿದ್ದ ಆಲೋಚನೆಗಳಿಗೆ ಅಲ್ಲಿ ಮಾತು ಸಿಕ್ಕಿತು. ಒಳ್ಳೆಯ ಓದು ಮಾಡುವ ಉಪಕಾರ ಇದಕ್ಕಿಂತ ಬೇರೆ ಯಾವುದು?

ಆದರೆ ಓದಿನಿಂದ ಸುಖ ಬಂದಿತೆಂದು ಆತ ಎಲ್ಲಿಯೂ ಹೇಳುವುದಿಲ್ಲ. ಒಡೆಯನು ನುಡಿದ ಭವಿಷ್ಯ ನಿಜವಾಯಿತು: ಹುಡುಗನು ಕೆಟ್ಟುಹೋದ. ತಾನಿರುವ ಗುಂಡಿ ಕಣ್ಣಿಗೆ ಕಂಡಿತು, ಹತ್ತಿಬರಲು ಏಣಿ ಕಾಣಲಿಲ್ಲ. ಏನೂ ತಿಳಿಯದೆ ನಗುನಗುತ್ತಿದ್ದ ಜೊತೆಯ ಗುಲಾಮರನ್ನು ಕಂಡು ಅಸೂಯೆಪಟ್ಟ ದಿನಗಳೂ ಇದ್ದುವು. ಗುಲಾಮಗಿರಿಯ ನಿರ್ಮೂಲನೆಗೆ ಇಂಗ್ಲಿಷಿನಲ್ಲಿ ಬಳಸುವ ಪದ ಅವನ ಕಿವಿಗೆ ಬೀಳುತ್ತಿತ್ತು, ಅರ್ಥ ತಿಳಿಯುತ್ತಿರಲಿಲ್ಲ. ನಿಘಂಟು ತೆಗೆದು ನೋಡಿದರೆ, ನಿರ್ಮೂಲನೆಯೆಂದರೆ ನಿರ್ಮೂಲ ಮಾಡುವಿಕೆ ಎಂದಷ್ಟೇ ಇತ್ತು. ಯಾವುದರ ನಿರ್ಮೂಲನೆ? ಯಾರನ್ನಾದರೂ ಕೇಳಲು ಭಯ. ಕಡೆಗೆ ಒಂದು ಪತ್ರಿಕೆಯಲ್ಲಿ, ಗುಲಾಮಗಿರಿಯನ್ನು ತೆಗೆದುಹಾಕಬೇಕೆಂದು ಉತ್ತರದ ಜನ ಸಲ್ಲಿಸಿದ ಮನವಿಗಳ ಸುದ್ದಿಯನ್ನು ಓದಿದಾಗ ಆ ಪದ ಬಾಗಿಲು ತೆರೆಯಿತು. ಪದಾರ್ಥವನ್ನು ನಿಘಂಟಿನಲ್ಲಿ ನೋಡಿ ತೃಪ್ತರಾಗುವ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ನಾನು ಹೇಳುವುದುಂಟು. ನಿಘಂಟಿನಲ್ಲಿ ಸಿಕ್ಕುವುದು ಪದದ ಮನೆಯ ವಿಳಾಸ ಮಾತ್ರ. ಪದವನ್ನು ಕಾಣಬೇಕಾದರೆ ಅದು ಓಡಾಡುವ ಜಾಗಕ್ಕೆ ನಾವು ಹೋಗಬೇಕು.

ಬರಹವನ್ನು ಕಲಿತ ಬಗೆ ಇನ್ನೂ ಸೋಜಿಗ. ಹಡಗು ಕಟ್ಟುವ ಅಂಗಳದಲ್ಲಿ ಬಡಗಿಗಳು ಒಂದೊಂದು ಮರದ ತುಂಡನ್ನೂ ಸಿದ್ಧಪಡಿಸಿ, ಅದು ಹಡಗಿನ ಯಾವ ಭಾಗಕ್ಕೆಂದು ಅದರ ಮೇಲೆ ಅಕ್ಷರದ ಗುರುತು ಹಾಕುತ್ತಿದ್ದರು. ಎಡಮಗ್ಗುಲಿಗೆ ಎಲ್, ಬಲಮಗ್ಗುಲಿಗೆ ಎಸ್. ಜೊತೆಗೆ ಮುಂಭಾಗಕ್ಕಾದರೆ ಎಫ್, ಹಿಂಭಾಗಕ್ಕಾದರೆ ಎ. ಹುಡುಗನು ಈ ನಾಲ್ಕು ಅಕ್ಷರಗಳನ್ನು ನೋಡಿ ನೋಡಿ ಬರೆಯಲು ಕಲಿತ. ಆಮೇಲೆ ಬೀದಿಯ ಹುಡುಗರ ಮುಂದೆ ಅವುಗಳನ್ನು ಬರೆದು, ಇದಕ್ಕಿಂತ ಚೆನ್ನಾಗಿ ನಿಮಗೆ ಬರೆಯಲು ಬರುತ್ತದೆಯೇ ಎಂದು ಸವಾಲು ಹಾಕುತ್ತಿದ್ದ. ಅವರು ಹುರುಪಿನಿಂದ ಬೇರೆ ಅಕ್ಷರಗಳನ್ನು ಬರೆದು ತೋರಿಸುತ್ತಿದ್ದರು. ಇವನು ಅವನ್ನೂ ಕಲಿತುಕೊಂಡು ಮನೆಗೆ ಹೋಗುತ್ತಿದ್ದ. ನಮ್ಮ ಹಿರಿಯರು ಊರ ಮಠದಲ್ಲಿ ಮರಳಿನ ಮೇಲೆ ತಿದ್ದಿದಂತೆ, ಅವನು ಬೇಲಿಯ ಹಲಗೆ, ಇಟ್ಟಿಗೆಯ ಗೋಡೆ, ಕಲ್ಲುಹಾಸಿದ ದಾರಿ ಇವುಗಳ ಮೇಲೆ ಸೀಮೆಸುಣ್ಣದಿಂದ ತಿದ್ದಿದ. ಟಾಮಿ ಶಾಲೆಗೆ ಹೋಗಿ ಬರೆದು ಮುಗಿಸಿದ ಕಾಪಿಪುಸ್ತಕಗಳು ಮನೆಯಲ್ಲಿ ಬಿದ್ದಿದ್ದುವು. ಸೋಮವಾರ ಮಧ್ಯಾಹ್ನ ಒಡತಿ ಪ್ರಾರ್ಥನಾಕೂಟಕ್ಕೆ ಹೋದಾಗ, ಆ ಪುಸ್ತಕಗಳಲ್ಲಿ ಸಾಲುಗಳ ನಡುವೆ ಉಳಿದ ಜಾಗದಲ್ಲಿ ಟಾಮಿಯ ಕೈಬರಹದಂತೆಯೇ ಬರೆಯುತ್ತಿದ್ದ. ಮನೆಯವರೆಲ್ಲ ಮಲಗಿದ ಮೇಲೆ ಅಡಿಗೆಮನೆಯ ಅಟ್ಟದಲ್ಲಿ, ಹಿಟ್ಟಿನ ಪೀಪಾಯಿಯೊಂದನ್ನು ಮೇಜು ಮಾಡಿಕೊಂಡು, ಬೈಬಲಿನಿಂದಲೂ ಸ್ತೋತ್ರಗಳ ಪುಸ್ತಕದಿಂದಲೂ ನಕಲು ಮಾಡುತ್ತಿದ್ದ. ಹೀಗೆ ವರ್ಷಗಳು ಕಳೆದು ಅವನಿಗೆ ಬರೆಯಲು ಬಂದಿತು.

1833ರಲ್ಲಿ ಅವನನ್ನು ಮತ್ತೆ ಹಳ್ಳಿಗೆ ಕರೆಸಿಕೊಂಡರು. ಮರುವರ್ಷ, ಗುಲಾಮರ ಸೊಕ್ಕು ಮುರಿಯುವವನೆಂದು ಹೆಸರಾಗಿದ್ದ ಕವೀ ಎಂಬ ರೈತನ ವಶಕ್ಕೆ ಒಪ್ಪಿಸಿದರು. ಆರು ತಿಂಗಳು ಚಾಟಿಯ ಏಟು ತಿಂದು, ಓದುವ ಆಸೆಯೇ ಆರಿಹೋಗಿ, ಪಶುವಿನಂತಾದ ಹುಡುಗ ಒಂದು ದಿನ ತಿರುಗಿನಿಂತು ಕೈಗೆ ಕೈ ಹಚ್ಚಿದ. ಆ ಮೇಲೆ ಕವೀ ಅವನ ಮೈಮುಟ್ಟಲಿಲ್ಲ. 1835ರಲ್ಲಿ ಬೇರೊಬ್ಬ ರೈತನ ಹೊಲದಲ್ಲಿದ್ದಾಗ, ಹದಿನೇಳು ವರ್ಷದ ಆ ತರುಣ ಭಾನುವಾರಗಳಲ್ಲಿ ಗುಟ್ಟಾಗಿ ಒಂದು ಶಾಲೆ ನಡೆಸಿದ. ಸುತ್ತಲಿನ ಹೊಲಗಳಿಂದ ಗುಲಾಮರು ಬಂದು ಸೇರುತ್ತಿದ್ದರು. ಒಂದು ಕಾಲಕ್ಕೆ ನಲವತ್ತಕ್ಕೂ ಹೆಚ್ಚು ಶಿಷ್ಯರು. ವಾರವೆಲ್ಲ ದುಡಿದವರು ಇದ್ದ ಒಂದೇ ಬಿಡುವಿನ ದಿನವನ್ನು ಕಾಗುಣಿತಕ್ಕೆ ಕೊಟ್ಟರು. ಸಿಕ್ಕಿಬಿದ್ದರೆ ಮೂವತ್ತೊಂಬತ್ತು ಛಡಿಯೇಟು. ಜೀವಮಾನದಲ್ಲಿ ತಾನು ಮಾಡಿದ ಕೆಲಸಗಳಲ್ಲೆಲ್ಲ ಇದರಷ್ಟು ಸಿಹಿಯಾದುದು ಮತ್ತೊಂದಿಲ್ಲವೆಂಬ ಭಾವನೆ ಆತನಿಗಿತ್ತು. ಉಪಾಧ್ಯಾಯರಾದ ನಾವು ನಮ್ಮ ತರಗತಿಗೆ ಕಾಲಿಡುವಾಗ ಒಮ್ಮೊಮ್ಮೆ ನೆನೆಯಬೇಕಾದ ತರಗತಿ ಅದು.

1836ರ ಈಸ್ಟರ್ ಹಬ್ಬದ ಹೊತ್ತಿಗೆ ಕೆಲವು ಗೆಳೆಯರೊಡನೆ ಓಡಿಹೋಗುವ ಸಂಚು ನಡೆಯಿತು. ಗುಲಾಮನು ದಾರಿಯಲ್ಲಿ ನಡೆಯಬೇಕಾದರೆ ಒಡೆಯನ ರಹದಾರಿ ಚೀಟಿ ಬೇಕು. ಬರೆಯಬಲ್ಲವನು ಗುಂಪಿನಲ್ಲಿ ಒಬ್ಬನೇ. ಹಬ್ಬಕ್ಕೆ ಬಾಲ್ಟಿಮೋರಿಗೆ ಹೋಗಲು ಅಪ್ಪಣೆಯಿತ್ತಿದ್ದೇನೆಂದು ಒಡೆಯನ ಹೆಸರಿನಲ್ಲಿ ಎಲ್ಲರಿಗೂ ಫ್ರೆಡರಿಕನೇ ಚೀಟಿ ಬರೆದುಕೊಟ್ಟ. ಸಂಚು ಬಯಲಾಯಿತು. ಕೈಕಟ್ಟಲು ಬಂದವರೊಡನೆ ಗೆಳೆಯನೊಬ್ಬ ಹೋರಾಡುತ್ತಿದ್ದ ಗದ್ದಲದಲ್ಲಿ ಫ್ರೆಡರಿಕ್ ತನ್ನ ಚೀಟಿಯನ್ನು ಬೆಂಕಿಗೆ ಹಾಕಿದ. ಸೆರೆಮನೆಗೆ ಎಳೆದೊಯ್ಯುವ ದಾರಿಯಲ್ಲಿ, ಚೀಟಿಯನ್ನು ಬಿಸ್ಕತ್ತಿನೊಡನೆ ತಿಂದುಬಿಡುವಂತೆ ಉಳಿದವರಿಗೆ ಪಿಸುಗುಟ್ಟಿದ. ಅವರು ತಿಂದರು. ಸಾಕ್ಷ್ಯವಿಲ್ಲದೆ ಅವರ ಜೀವ ಉಳಿಯಿತು. ಪೀಪಾಯಿಯ ಮೇಲೆ ತಿದ್ದಿದ ಅಕ್ಷರ ಒಂದೇ ವಾರದಲ್ಲಿ ಬಿಡುಗಡೆಯ ಕೀಲಿಕೈಯೂ ಆಗಿ ಕೊರಳಿನ ಉರುಳೂ ಆಗಬಹುದಾಗಿತ್ತು.

ಅವನನ್ನು ದೂರದ ದಕ್ಷಿಣಕ್ಕೆ ಮಾರದೆ ಮತ್ತೆ ಬಾಲ್ಟಿಮೋರಿಗೆ ಕಳುಹಿಸಿದುದು ಅದೃಷ್ಟ. ಅಲ್ಲಿ ಹಡಗಿನ ಹಲಗೆಗಳ ಸಂದಿಗೆ ನಾರು ಗಿಡಿದು ನೀರು ನುಗ್ಗದಂತೆ ಮುಚ್ಚುವ ಕಸಬನ್ನು ಕಲಿತ. ವಾರದ ಕೂಲಿಯನ್ನು ತಂದು ಒಡೆಯನ ಕೈಗೆ ಸುರಿಯಬೇಕು. ಅದೇ ಕಸಬಿನ ಸ್ವತಂತ್ರ ಕಪ್ಪು ತರುಣರು ಒಂದು ಚರ್ಚಾಕೂಟವನ್ನು ನಡೆಸುತ್ತಿದ್ದರು. ಗುಲಾಮರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇವನ ಯೋಗ್ಯತೆ ನೋಡಿ ಸೇರಿಸಿಕೊಂಡರು. ಒಂದು ವಿಷಯ ಹಿಡಿದು ನಿಂತು ಮಾತನಾಡುವುದನ್ನೂ ಎದುರಿನವನ ಮಾತನ್ನು ಕೇಳಿ ಉತ್ತರ ಕೊಡುವುದನ್ನೂ ಅವನು ಅಲ್ಲಿ ರೂಢಿಸಿಕೊಂಡ.

1838ರ ಸೆಪ್ಟೆಂಬರ್ 3ರಂದು ಫ್ರೆಡರಿಕ್ ನಾವಿಕನ ವೇಷದಲ್ಲಿ ರೈಲು ಹತ್ತಿದ. ಕೈಯಲ್ಲಿದ್ದುದು ಸ್ವತಂತ್ರ ನಾವಿಕ ಮಿತ್ರನೊಬ್ಬನಿಂದ ಎರವು ಪಡೆದ ಗುರುತಿನ ಪತ್ರ. ಅದರಲ್ಲಿ ಬರೆದಿದ್ದ ಚಹರೆಗೂ ಇವನಿಗೂ ಹೋಲಿಕೆಯಿರಲಿಲ್ಲ. ಟಿಕೇಟು ನೋಡುವವನು ಪತ್ರದ ತಲೆಯ ಮೇಲಿದ್ದ ಗರುಡನ ಮುದ್ರೆಯನ್ನು ಕಂಡು ಹಾಗೆಯೇ ಮುಂದೆ ಹೋದ. ಓದಿನಿಂದ ಬಾಳನ್ನು ಕಟ್ಟಿಕೊಂಡವನನ್ನು ಆ ದಿನ ಮತ್ತೊಬ್ಬನು ಓದದೆ ಇದ್ದುದು ಕಾಪಾಡಿತು! ಒಂದು ದಿನ ಕಳೆಯುವುದರೊಳಗೆ ನ್ಯೂಯಾರ್ಕ್ ಸೇರಿದ. ಬಾಲ್ಟಿಮೋರಿನಿಂದ ಹಿಂದೆಯೇ ಬಂದ ಸ್ವತಂತ್ರ ಮಹಿಳೆ ಆನಾ ಮರ್ರಿಯನ್ನು ಅದೇ ತಿಂಗಳ 15ರಂದು ಮದುವೆಯಾಗಿ, ನ್ಯೂ ಬೆಡ್‌ಫರ್ಡ್ ಎಂಬ ಬಂದರಿನಲ್ಲಿ ನೆಲೆಸಿದ. ಅಲ್ಲಿ ಆಶ್ರಯ ಕೊಟ್ಟವನು ಆಗ ತಾನೆ ಸ್ಕಾಟ್ ಕವಿಯ ಸರೋವರದ ರಾಣಿಯ ಕಾವ್ಯವನ್ನು ಓದುತ್ತಿದ್ದವನು; ಅದರ ಪಾತ್ರವೊಂದರ ಹೆಸರನ್ನು ಇವನಿಗೆ ಸೂಚಿಸಿದ. ಫ್ರೆಡರಿಕ್ ಬೇಲಿ ಹೀಗೆ ಫ್ರೆಡರಿಕ್ ಡಗ್ಲಸ್ ಆದ.

ಬಿಳಿಯ ಕೆಲಸಗಾರರು ತಮ್ಮ ಜೊತೆ ದುಡಿಯಲು ಬಿಡದ ಕಾರಣ ಕಲಿತ ಕಸಬು ಕೈಗೆ ಬರಲಿಲ್ಲ. ಸೌದೆ ಸೀಳಿದ, ಕಲ್ಲಿದ್ದಲು ಹೊತ್ತ, ಹಿತ್ತಾಳೆಯ ಎರಕದ ಕಾರ್ಖಾನೆಯಲ್ಲಿ ತಿದಿಯೊತ್ತಿದ. ತಿದಿಯ ಪಕ್ಕದ ಕಂಬಕ್ಕೆ ಪತ್ರಿಕೆಯನ್ನು ಮೊಳೆಹೊಡೆದು ಸಿಕ್ಕಿಸಿ, ಭಾರವಾದ ತೊಲೆಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಓದುತ್ತಿದ್ದ. ಓದಲು ಹೊತ್ತಿಲ್ಲವೆಂಬ ಮಾತನ್ನು ನಾನು ಆಡಹೊರಟಾಗಲೆಲ್ಲ ಆ ಕಂಬ ಕಣ್ಣಮುಂದೆ ಬಂದು ನಿಲ್ಲುತ್ತದೆ. ಅಲ್ಲಿಯ ಕಪ್ಪುಜನರ ಸಣ್ಣ ಚರ್ಚಿನಲ್ಲಿ ಆಗಾಗ ಉಪದೇಶ ಮಾಡುವ ಕೆಲಸವೂ ಆತನ ಪಾಲಿಗೆ ಬಂದಿತು. 1841ರ ಆಗಸ್ಟಿನಲ್ಲಿ ನಾನ್‌ಟಕೆಟ್ ದ್ವೀಪದಲ್ಲಿ ಗುಲಾಮಗಿರಿಯ ವಿರೋಧಿಗಳ ಸಭೆ ನಡೆದಾಗ, ಪರಿಚಿತನೊಬ್ಬ ಒತ್ತಾಯ ಮಾಡಿ ಮಾತಿಗೆ ನಿಲ್ಲಿಸಿದ. ಕಾಲು ನಡುಗಿದುವು, ನಾಲಗೆ ತೊದಲಿತು. ಏನು ಹೇಳಿದೆನೆಂದು ಆಮೇಲೆ ಆತನಿಗೇ ನೆನಪಿರಲಿಲ್ಲ. ಸಭೆ ಮಾತ್ರ ಮರೆಯಲಿಲ್ಲ. ಸಂಘದವರು ಕೂಡಲೇ ತಮ್ಮ ಉಪನ್ಯಾಸಕನನ್ನಾಗಿ ನೇಮಿಸಿಕೊಂಡರು.

ಇಲ್ಲಿ ಒಂದು ವಿಚಿತ್ರ ನಡೆಯಿತು. ತನ್ನ ಕಷ್ಟದ ಕಥೆಯನ್ನು ಮಾತ್ರ ಹೇಳಬೇಕು, ತತ್ತ್ವವಿಚಾರವನ್ನು ತಮಗೆ ಬಿಡಬೇಕು ಎಂದು ಬಿಳಿಯ ಮಿತ್ರರು ಸಲಹೆ ಮಾಡಿದರು. ಆತನ ಮಾತು ದಿನದಿನಕ್ಕೆ ತಿದ್ದಿಕೊಳ್ಳುತ್ತಿದ್ದುದನ್ನು ಕಂಡು, ತೋಟದ ಆಳುಗಳ ಮಾತಿನ ವಾಸನೆ ಸ್ವಲ್ಪ ಉಳಿದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಗುಲಾಮನಾಗಿದ್ದವನೆಂದು ಜನ ನಂಬಲಾರರು ಎಂದೂ ಹೇಳಿದರು. ಅವರು ಕೆಟ್ಟವರಲ್ಲ, ಆದರೆ ಇವನು ಹೇಗೆ ಮಾತನಾಡಬೇಕೆಂಬುದನ್ನು ತಾವು ಗೊತ್ತುಮಾಡಬಹುದೆಂದು ಅವರೂ ಎಣಿಸಿದ್ದರು.

ಈ ಭಾಗವನ್ನು ಓದುವಾಗ ನನ್ನ ಎದೆಗೆ ಚುಚ್ಚುವ ನೆನಪೊಂದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಳ್ಳಿಯಿಂದ ಬಂದ ಹುಡುಗನೊಬ್ಬ ಪಾಠವನ್ನು ಗಟ್ಟಿಯಾಗಿ ಓದುತ್ತ ಹಾಲನ್ನು ಆಲು ಎಂದ. ನಾನು ಅದನ್ನು ಅವನ ಧ್ವನಿಯಲ್ಲಿಯೇ ಅನುಕರಿಸಿದೆ, ತರಗತಿಯೆಲ್ಲ ನಕ್ಕಿತು. ತಿದ್ದಿದೆನೆಂದು ನಾನು ತಿಳಿದುಕೊಂಡೆ. ಆ ವರ್ಷ ಮುಗಿಯುವವರೆಗೆ ಆ ಹುಡುಗ ಮತ್ತೆ ಎದ್ದುನಿಂತು ಓದಲಿಲ್ಲ. ಆತನನ್ನು ಆಳುಗಳ ಮಾತಿನಲ್ಲಿಯೇ ಉಳಿಸಹೊರಟ ಮಿತ್ರರಿಗೂ, ಹುಡುಗನನ್ನು ಅವನ ಮಾತಿಗಾಗಿ ನಗೆಗೀಡುಮಾಡಿದ ನನಗೂ ಏನು ವ್ಯತ್ಯಾಸ? ಇಬ್ಬರೂ ನಾಲಗೆಯ ಮೇಲೆ ಒಡೆತನ ಸ್ಥಾಪಿಸಹೊರಟವರೇ.

ಡಗ್ಲಸ್ ಸಲಹೆಯನ್ನು ಒಪ್ಪಲಿಲ್ಲ. ತನಗೆ ಸರಿಯೆಂದು ತೋರಿದಂತೆಯೇ ಮಾತನಾಡಿದ. ಜನರ ಸಂದೇಹಕ್ಕೆ ಉತ್ತರವಾಗಿ 1845ರಲ್ಲಿ ಆತ್ಮಕಥೆಯನ್ನು ಬರೆದು, ಒಡೆಯರ ಹೆಸರು, ಊರು, ಹೊಲ ಎಲ್ಲವನ್ನೂ ಬಯಲಿಗಿಟ್ಟ. ಓಡಿಬಂದ ಗುಲಾಮನು ತನ್ನ ವಿಳಾಸವನ್ನು ತಾನೇ ಅಚ್ಚುಹಾಕಿಸಿದಂತಾಯಿತು. ಹಿಡಿದೊಯ್ಯುವ ಭಯದಿಂದ ಸಮುದ್ರ ದಾಟಿ ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡುಗಳಲ್ಲಿ ಸುಮಾರು ಎರಡು ವರ್ಷ ಉಪನ್ಯಾಸ ಮಾಡಿದ. ಅಲ್ಲಿಯ ಮಿತ್ರರು ಹಣ ಕೂಡಿಸಿ, 1846ರಲ್ಲಿ 150 ಪೌಂಡು, ಅಂದರೆ 711 ಡಾಲರು 66 ಸೆಂಟು ಕೊಟ್ಟು ಆತನನ್ನು ಆತನಿಗೇ ಕೊಂಡುಕೊಟ್ಟರು.

ಹಿಂದಿರುಗಿ 1847ರ ಡಿಸೆಂಬರ್ 3ರಂದು ರಾಚೆಸ್ಟರ್ ಪಟ್ಟಣದಿಂದ ಧ್ರುವನಕ್ಷತ್ರದ ಹೆಸರಿನ ಪತ್ರಿಕೆಯನ್ನು ಹೊರಡಿಸಿದ. ರಾತ್ರಿ ಓಡಿಹೋಗುವ ಗುಲಾಮರಿಗೆ ಉತ್ತರದ ದಿಕ್ಕನ್ನು ತೋರುವ ನಕ್ಷತ್ರ ಅದು. ಶಾಲೆಯ ಮುಖ ಕಾಣದವನಿಗೆ ಸಂಪಾದಕತ್ವ ಸಲ್ಲದೆಂದು ಬಾಸ್ಟನ್ನಿನ ಗೆಳೆಯರು ಮುಖ ಸಿಂಡರಿಸಿದರು. ಆತನಾದರೋ ಆ ಪತ್ರಿಕೆಯನ್ನೇ ತನ್ನ ಶಾಲೆಯೆಂದು ಭಾವಿಸಿದ. ವಾರವಾರವೂ ಓದಲೇಬೇಕು, ಯೋಚಿಸಲೇಬೇಕು, ಯೋಚಿಸಿದ್ದನ್ನು ಸ್ಪಷ್ಟವಾಗಿ ಬರೆಯಲೇಬೇಕು. ಇದಕ್ಕಿಂತ ಒಳ್ಳೆಯ ಪಾಠಶಾಲೆ ತನಗೆ ದೊರೆಯುತ್ತಿರಲಿಲ್ಲವೆಂದು ಒಪ್ಪಿಕೊಂಡ. ಜೂಲಿಯಾ ಗ್ರಿಫಿತ್ಸ್ ಎಂಬ ಇಂಗ್ಲಿಷ್ ಮಹಿಳೆ ಪತ್ರಿಕೆಯ ಬರಹಕ್ಕೂ ಲೆಕ್ಕಪತ್ರಕ್ಕೂ ನೆರವಾದಾಗ, ತಿದ್ದಿಸಿಕೊಳ್ಳಲು ನಾಚಲಿಲ್ಲ. ತನ್ನ ಮಾತನ್ನು ಇತರರು ಗೊತ್ತುಮಾಡುವುದು ಬೇರೆ, ತಾನಾಗಿ ತಿದ್ದಿಸಿಕೊಳ್ಳುವುದು ಬೇರೆ ಎಂಬುದನ್ನು ಆತ ಬಲ್ಲವನಾಗಿದ್ದ. 1852ರ ಜುಲೈ 5ರಂದು, ದೇಶದ ಸ್ವಾತಂತ್ರ್ಯದಿನದ ಮರುದಿನ, ಆ ಹಬ್ಬ ಗುಲಾಮನಿಗೆ ಏನೆಂದು ತೋರುತ್ತದೆಂದು ರಾಚೆಸ್ಟರಿನ ಸಭೆಯೊಂದನ್ನು ಕೇಳಿದ ಭಾಷಣ ಇಂದಿಗೂ ಅಮೆರಿಕದಲ್ಲಿ ಓದಿಸುವ ಭಾಷಣ. ಆ ಹೊತ್ತಿಗೆ ಆತ ಹನ್ನೊಂದು ವರ್ಷ ವೇದಿಕೆಯ ಮೇಲೆ ಪಳಗಿದ್ದವನು. ಆದರೂ ಅದಕ್ಕೆ ಎರಡು ಮೂರು ವಾರ ಕುಳಿತು ಸಿದ್ಧತೆ ಮಾಡಿಕೊಂಡ. ನಿರರ್ಗಳವಾದ ಮಾತಿನ ಹಿಂದೆ ಇಷ್ಟು ಬರಹವಿರುತ್ತದೆಂಬುದು ಕೇಳುವವರಿಗೆ ತಿಳಿಯುವುದಿಲ್ಲ.

ಉಳಿದ ಕಥೆ ಇತಿಹಾಸದ ಪುಸ್ತಕಗಳಲ್ಲಿದೆ. ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರನ್ನು ಕೂಡಿಸಿದ, ಇಬ್ಬರು ಮಕ್ಕಳನ್ನೂ ಕಳುಹಿಸಿದ. ಲಿಂಕನ್ನನೊಡನೆ ಸಮಾಲೋಚನೆ ನಡೆಸಿದ. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಸಿಹೋದುದನ್ನು ಕಂಡ. ಹೈಟಿ ದೇಶಕ್ಕೆ ರಾಯಭಾರಿಯಾದ. ಸ್ತ್ರೀಯರ ಮತದಾನದ ಹಕ್ಕಿಗಾಗಿ 1848ರಿಂದ ವಾದಿಸಿದ ಆತ, ಸ್ತ್ರೀಯರ ಸಭೆಯೊಂದರಿಂದ ಮನೆಗೆ ಬಂದ ದಿನವೇ, 1895ರ ಫೆಬ್ರವರಿ 20ರಂದು, ವಾಷಿಂಗ್ಟನ್ನಿನಲ್ಲಿ ತೀರಿಕೊಂಡ. ಹೊಗಳುವಾಗ ಒಂದು ಮಾತನ್ನು ಮರೆಮಾಚಬಾರದು. ಓಡಿಹೋಗಲು ತನ್ನ ಉಳಿತಾಯವನ್ನು ಕೊಟ್ಟು ನೆರವಾದ ಆನಾಳಿಗೆ ಓದುಬರಹದ ಬಳಕೆ ಕೊನೆಯವರೆಗೂ ಬಹಳ ಕಡಮೆ. ಗಂಡನು ಊರೂರು ಸುತ್ತುವಾಗ ಸಂಸಾರದ ಭಾರವನ್ನು ಹೊತ್ತವಳು ಅವಳು. ಅಕ್ಷರದ ದೀಪ ಹಿಡಿದವನ ಮನೆಯಲ್ಲಿಯೂ ಒಂದು ಮೂಲೆ ಕತ್ತಲೆಯಾಗಿತ್ತು.

1877ರಲ್ಲಿ ಡಗ್ಲಸ್ ತನ್ನ ಹಳೆಯ ಒಡೆಯನಾದ ಥಾಮಸ್ ಆಲ್ಡನನ್ನು ಅವನ ಮರಣಶಯ್ಯೆಯಲ್ಲಿ ಕಂಡ. ಅರುವತ್ತರ ಹತ್ತಿರ ಬಂದಿದ್ದ, ಎರಡು ಖಂಡಗಳು ಬಲ್ಲ ಆ ದೊಡ್ಡ ಮನುಷ್ಯ, ತಾನು ಹುಟ್ಟಿದ್ದು ಯಾವಾಗ ಎಂದು ಅವನನ್ನು ಕೇಳಿದ. 1818ರ ಫೆಬ್ರವರಿ ಇರಬೇಕೆಂದು ಮುದುಕ ಹೇಳಿದ. ಅದು ಸರಿಯೆಂದು, ಡಗ್ಲಸ್ ಸತ್ತು ಎಷ್ಟೋ ವರ್ಷಗಳಾದ ಮೇಲೆ, ಮೊದಲ ಒಡೆಯನ ಹಳೆಯ ಲೆಕ್ಕದ ಪುಸ್ತಕದಿಂದ ಗೊತ್ತಾಯಿತು. ಹಾರಿಯೆಟ್ಟಳ ಮಗ ಫ್ರೆಡರಿಕ್ ಹುಟ್ಟಿದ ತಿಂಗಳು, ಆಸ್ತಿಯ ಪಟ್ಟಿಯಲ್ಲಿ ಬರೆದಿಟ್ಟಿತ್ತು.

ಆ ಸಂಜೆಯ ಹುಡುಗ ಮತ್ತೆ ಕಂಡಾಗ ಅವನಿಗೆ ನಾನು ಹೇಳಿದುದು ಇಷ್ಟೇ. ನಾವು ಬರೆಯದಿದ್ದರೆ ನಮ್ಮ ಬದುಕು ಬರೆಯಲ್ಪಡದೆ ಉಳಿಯುತ್ತದೆಂದು ತಿಳಿಯಬಾರದು. ಬೇರೆ ಯಾರೋ ತಮ್ಮ ಲೆಕ್ಕದ ಪುಸ್ತಕದಲ್ಲಿ ತಮಗೆ ಬೇಕಾದಷ್ಟನ್ನು ಬರೆದಿಟ್ಟುಕೊಳ್ಳುತ್ತಾರೆ. ಒಂದು ಸಾಲಿನ ಆ ಲೆಕ್ಕಕ್ಕೆ ಎದುರಾಗಿ ಡಗ್ಲಸ್ ತನ್ನ ಜೀವನವನ್ನು 1845ರಲ್ಲಿ, 1855ರಲ್ಲಿ, 1881ರಲ್ಲಿ ಮೂರು ಸಲ ಬರೆದ; ಪ್ರತಿ ಸಲವೂ ಹಿಂದಿನದಕ್ಕಿಂತ ವಿಸ್ತಾರವಾಗಿ. ತೇರ್ಗಡೆಗೆ ಬೇಕಾದುದಕ್ಕಿಂತ ಹೆಚ್ಚಿನ ಭಾಷೆ ನಮಗೆ ಬೇಕಾಗಿರುವುದು ಆ ಕೆಲಸಕ್ಕೆ. ಹುಡುಗ ಏನೂ ಹೇಳದೆ ಆ ಸಣ್ಣ ಪುಸ್ತಕವನ್ನು ಕೇಳಿ ತೆಗೆದುಕೊಂಡುಹೋದ. ಇನ್ನೂ ಹಿಂದಿರುಗಿಸಿಲ್ಲ, ನಾನೂ ಕೇಳಿಲ್ಲ.